ತಾಂಡಾದಲ್ಲಿ ನನ್ನ ಏಡ್ಸ್ ಪಾಠ

ನಗಿಸಬೇಕೆಂದು ನಾನು ಎಂದೂ ಬಾಯಿ ತೆರೆದವನಲ್ಲ. ಆದರೂ ಗಜೇಂದ್ರಗಡದ ಹತ್ತಿರದ ಆ ಲಂಬಾಣಿ ತಾಂಡಾದ ಶಾಲೆಯಲ್ಲಿ ಇದ್ದಷ್ಟು ದಿನವೂ ಮಂದಿ ನನ್ನ ಮಾತಿಗೆ ನಕ್ಕರು.

ಶುರುವಾದದ್ದು ಒಂದು ಸೋಮವಾರ. ಭಾಗಾಕಾರ ಹೇಳಿಕೊಡುತ್ತಿದ್ದೆ. ತಾಂಡಾದ ನಾಯಕನ ಸೊಸೆ ಬಾಗಿಲಲ್ಲಿ ನಿಂತು, "ಮಾಸ್ತರ್ರ, ಸಂಜಿಗೆ ಸಾಲಿ ಕಟ್ಟಿ ಬೇಕಾಗೇತ್ರಿ. ನಾವು ಹೆಣ್ಮಕ್ಕಳು ಏಡ್ಸ್ ಬಗ್ಗೆ ಮಾತಾಡೋರದೀವಿ" ಅಂದಳು.

ಗೋವಾದಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಅದೇ ಕಾಯಿಲೆಯಿಂದ ತೀರಿಕೊಂಡು ವರ್ಷವಾಗಿರಲಿಲ್ಲ. ದೀಪಾವಳಿ ಮುಗಿದರೆ ತಾಂಡಾದ ಗಂಡಸರೂ ಗೋವಾಕ್ಕೆ ಹೊರಡುವವರು. ಅವರಿಗೆ ಹಾಗಾಗಬಾರದು, ಮತ್ತು ಅದನ್ನು ಹೇಳಬೇಕಾದವನು ನಾನೇ ಎನಿಸಿತು.

"ಮೊದಲ ನಾ ಮಾತಾಡ್ತೇನಿ" ಅಂದೆ.

೧. ಸಂಪರ್ಕ

ಭಾಷಣ ಬರೆದುಕೊಂಡು ಹೋಗಿದ್ದೆ. ಎದುರಿಗೆ ಗಂಡಸರ ಜೊತೆ ಹೆಣ್ಣುಮಕ್ಕಳನ್ನೂ ಕಂಡು ನಾಚಿಕೆಯಾಗಿ 'ಲೈಂಗಿಕ' ಎಂಬ ಶಬ್ದ ಬಿಟ್ಟು ಓದಿದೆ: "ಅಸುರಕ್ಷಿತ ಸಂಪರ್ಕದಿಂದ ಜೀವಕ್ಕೆ ಅಪಾಯ. ಗುಟ್ಟಾಗಿ ಅಂಥ ಸಂಪರ್ಕ ಇಟ್ಟುಕೊಂಡವರು ಇಂದೇ ಬಿಡಬೇಕು."

ಹಿಂದಿನಿಂದ ಮುದುಕನೊಬ್ಬ ಕೈಮುಗಿದು ಎದ್ದ. "ಇವತ್ತ ತೆಗೀತೇನ್ರಿ ಮಾಸ್ತರ್ರ. ಲೈನ್‌ಮನ್‌ಗೆ ಹೇಳಬ್ಯಾಡ್ರಿ. ಕಂಬಕ್ಕ ವಾಯರ್ ಸಿಗಿಸಿದಾಂವ ನಾ ಒಬ್ಬನ ಅಲ್ರಿ, ನಿಮ್ಮ ಓಣ್ಯಾಗೂ ಅದಾರ!"

೨. ಅಳು

ಮರುವಾರದಿಂದ ನಾಯಕನ ಸೊಸೆಯೇ ಮಾತಾಡಿದಳು, ಅವರ ಲಂಬಾಣಿ ಭಾಷೆಯಲ್ಲಿ, ಕುಪ್ಪಸಕ್ಕೆ ಕನ್ನಡಿ ಹೊಲಿಯುತ್ತ. ನನ್ನ ಮುಂದೆ ಆಕಳಿಸಿದ ಗಂಡಸರೆಲ್ಲ ಕಿವಿ ತೆರೆದು ಕುಳಿತರು. ನನಗೆ ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ಅವಳೂ ಇನ್ನೊಬ್ಬಳೂ ಕೊರಳು ತಬ್ಬಿ, ರಾಗ ಎಳೆದು ಅಳುವುದು ಶಾಲೆಯಿಂದ ಕಂಡಿತು. ಶಾಲೆಗೆ ರಜೆ ಕೊಟ್ಟು ಓಡಿದೆ. "ಯಾರು ಹೋದ್ರವಾ?"

"ಯಾರೂ ಹೋಗಿಲ್ರಿ, ಈಗ ಬಂದಾಳ! ನನ್ನ ತಂಗಿ. ನಮ್ಮ ಕೆಲಸಕ್ಕ ಕೈ ಕೂಡಸಾಕ ಬಂದಾಳ. ಭೆಟ್ಟಿ ಆದ್ರ ನಾವು ಹಿಂಗ ಅಳೋದ್ರಿ."

"ಮತ್ತ ಸತ್ತರ?"

"ಆವಾಗೂ ಹಿಂಗ. ನಿಮ್ಮ ಮನ್ಯಾಗ ಹ್ಯಾಂಗ ಅಳ್ತೀರಿ?"

ತಮ್ಮ ಸತ್ತಾಗ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆವು. ಮಂದಿಗೆ ಕಾಮಾಲೆಯಿಂದ ಹೋದ ಎಂದಿದ್ದೆವು. ಅವತ್ತು ಅವರ ಅಳುವಿನ ಮೇಲೂ ಹೊಟ್ಟೆಕಿಚ್ಚಾಯಿತು.

ಮರುದಿನ ಹುಡುಗರು ಕೇಳಿದರು: "ಸರ್, ಇವತ್ತ ಯಾರ ತಂಗಿ ಬರ್ತಾಳ್ರಿ?"

೩. ಮಾಸ್ತರ

ಗಂಡಸರು ಹೊರಟ ದಿನ ನಾನೂ ಗಜೇಂದ್ರಗಡದ ಬಸ್‌ಸ್ಟ್ಯಾಂಡಿಗೆ ಹೋದೆ. ಕೊನೆಗೆ ಒಂದು ಮಾತಾದರೂ ನಾನು ಹೇಳಬೇಕಿತ್ತು. ಎಸ್‌ಟಿಡಿ ಬೂತಿನ ಪಕ್ಕ ನಿಂತು ಶಬ್ದ ಹುಡುಕುತ್ತಿದ್ದೆ. ಬಸ್ಸಿನಲ್ಲಿ ಬೇರೆ ಊರಿನ ಕೂಲಿಯವರೂ ಇದ್ದುದರಿಂದ ನಾಯಕನ ಸೊಸೆ ಕನ್ನಡದಲ್ಲೇ ಕೂಗಿದಳು: "ಎಲ್ಲಾರೂ ಮಾಸ್ತರನ್ನ ಕರಕೊಂಡೀರಿಲ್ಲೋ?"

ನಾನು ಗಾಬರಿಯಾಗಿ ಮುಂದೆ ಬಂದೆ. "ನಾ ಬರಾಂಗಿಲ್ಲವಾ, ನನಗ ಸಾಲಿ ಐತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಅವಳು ಮುಸುಕು ಎಳೆದುಕೊಂಡಳು. ಅವಳ ತಂಗಿಯೇ ಬಿಡಿಸಿ ಹೇಳಿದಳು: "ಸಿಟ್ಟಾಗಬ್ಯಾಡ್ರಿ. ನಿರೋಧ ಅನ್ನಾಕ ಈ ಗಂಡಸರೂ ನಿಮ್ಮಂಗ ನಾಚತಾರ್ರಿ. ಅದಕ್ಕ ನಾವು ಅದನ್ನ ಮಾಸ್ತರ ಅಂತೀವಿ. ಮಾಸ್ತರ ಜೋಡಿ ಇದ್ರ ಯಾರೂ ದಾರಿ ತಪ್ಪಾಂಗಿಲ್ಲಲ್ರಿ!"

ಕಿಟಕಿಯಲ್ಲಿ ಒಬ್ಬೊಬ್ಬನೂ ಕಿಸೆ ತಟ್ಟಿ ತೋರಿಸಿದ. ಹಿಂದಿನ ಸೀಟಿನವನು ಕೂಗಿದ: "ನನ್ನ ಕಡೆ ಮೂರು ಮಂದಿ ಮಾಸ್ತರು ಅದಾರ್ರಿ!"

ಬಸ್ಸು ಹೊರಟಿತು. ಕಿಟಕಿಯಿಂದ ಹೊರಬಂದ ಕೈಗಳೆಲ್ಲ ನಾಯಕನ ಸೊಸೆಯತ್ತ ಬೀಸಿದವು.