ಮಾವನ ಆರನೆಯ ಭಾಷೆ

ನನ್ನ ಸೋದರಮಾವನಿಗೆ ಐದು ಭಾಷೆ ಬರುತ್ತದೆ: ತುಳು, ಕನ್ನಡ, ಮರಾಠಿ, ಹಿಂದಿ ಮತ್ತು ಎದುರಿನವರನ್ನು ಸುಮ್ಮನಾಗಿಸುವಷ್ಟು ಇಂಗ್ಲಿಷ್. ಮುಂಬಯಿ ಪಕ್ಕದ ಠಾಣೆಯ ನೌಪಾಡಾದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ, ಅದನ್ನು ಮಗನಿಗೆ ಬಿಟ್ಟುಕೊಟ್ಟವರು, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಆರನೆಯದನ್ನು ಕಲಿಯಲು ಹೊರಟರು. ಕಂಪ್ಯೂಟರಿನ ಭಾಷೆ!

ಗುರು ನಾನು. ಮಹಾಪೆಯ ಸಾಫ್ಟ್‌ವೇರ್ ಕಂಪನಿಯವರು ನನ್ನ ಕೆಲಸವನ್ನು ಎಐಗೆ ಒಪ್ಪಿಸಿ, ನನ್ನನ್ನು ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಗುರುವಿಗೆ ಬಿಡುವಿನ ಕೊರತೆ ಇರಲಿಲ್ಲ. ಮಾವ ದಿನಾ ಹತ್ತು ಗಂಟೆಗೆ ರೈಲು ಹತ್ತಿ ಡೊಂಬಿವಲಿಯ ನಮ್ಮ ಮನೆಗೆ ಬಂದು ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದರು. ತೆಗೆಯುವವರೆಗೂ ಬಡಿಯುತ್ತಿದ್ದರು.

ಯಾವ ಭಾಷೆ ಕಲಿಯುವುದು? ಲೋಕಲ್ ಟ್ರೇನಿನಲ್ಲಿ ಯಾರೋ ಜಾವಾಸ್ಕ್ರಿಪ್ಟ್ ಎಂದಿದ್ದರಂತೆ.

"ಅದು ಜಾವಾದ ತಮ್ಮನಾ?"

"ಸಂಬಂಧವೇ ಇಲ್ಲ ಮಾವ."

"ಮತ್ತೆ ಅದೇ ಮನೆಹೆಸರು ಯಾಕೆ ಇಟ್ಟುಕೊಂಡಿದೆ? ಅಂಥವರ ಸಹವಾಸ ಬೇಡ."

ಪೈಥಾನ್ ಎಂದಾಯಿತು. ಮೊದಲ ದಿನವೇ ಎಡವಟ್ಟು. ಸಾಲಿನ ಮುಂದೆ ಒಂದು ಸ್ಪೇಸ್ ಹೆಚ್ಚಾಗಿದೆ, ಅದಕ್ಕೇ ಪ್ರೋಗ್ರಾಮ್ ಓಡುತ್ತಿಲ್ಲ ಎಂದೆ.

"ಅಡ್ಜಸ್ಟ್ ಮಾಡ್ಲಿಕ್ಕೆ ಹೇಳು ಮಾರಾಯ. ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡುವುದಿಲ್ವಾ?"

ಎಐಗೆ ಹೇಳಿದರೆ ಅದೇ ಬರೆದುಕೊಡುತ್ತದೆ, ಕಲಿಯುವುದು ಯಾಕೆ ಎಂದು ಕೇಳಿದೆ. ಸ್ವಲ್ಪ ಕಹಿಯಾಗಿಯೇ ಕೇಳಿದೆ.

"ಗ್ರೈಂಡರ್ ಬಂತು ಅಂತ, ಹಿಟ್ಟಿನ ಹದ ಗೊತ್ತಿಲ್ಲದವನನ್ನು ನಾನು ಅಡುಗೆಗೆ ಇಟ್ಟುಕೊಳ್ತಿದ್ದೆನಾ?" ಎಂದರು ಮಾವ.

ಪರೀಕ್ಷೆಗೆಂದು, ಐವತ್ತು ಮಂದಿಯ ಇಡ್ಲಿಗೆ ಎಷ್ಟು ಅಕ್ಕಿ ನೆನೆಸಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಎಐಯಿಂದ ಬರೆಸಿದೆವು. ಉತ್ತರ ಬಂತು: ಮೂರು ಸಾವಿರ ಕಿಲೋ!

ಮಾವ ನಗಲಿಲ್ಲ. "ಇದು ನಿನ್ನ ಅತ್ತೆಯ ತವರಿನವರನ್ನು ಕಂಡಿದೆ" ಎಂದರು.

ತಪ್ಪು ಹುಡುಕಲು ಎರಡು ಗಂಟೆ ಕೂತೆ. ಗ್ರಾಂ, ಕಿಲೋ ಕಲಸಿಹೋಗಿದ್ದವು. ಸರಿಮಾಡಿ ತಲೆ ಎತ್ತಿದರೆ ಮಾವ ಪರದೆಯನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

ಎರಡು ತಿಂಗಳಲ್ಲಿ ನನಗೆ ಠಾಣೆಯಲ್ಲೇ ಕೆಲಸ ಸಿಕ್ಕಿತು. ಹೇಳಲು ನೌಪಾಡಾಕ್ಕೆ ಹೋದೆ. ಬಾಗಿಲು ತೆಗೆದವರು ಅತ್ತೆ.

"ಇನ್ನು ಪಾಠ ಭಾನುವಾರ ಮಾತ್ರ ಅತ್ತೆ."

"ಪಾಠ ಸಾಕು ಮಾರಾಯ! ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದು ಅವರ ಮೊಣಕಾಲು ಬಾತುಹೋಗಿದೆ."

"ಮತ್ತೆ ಕಲಿಯುವ ಹುಚ್ಚು?"

"ಅವರಿಗೆಂತ ಹುಚ್ಚು? ನೀನು ಕೋಣೆ ಬಿಟ್ಟು ಬರುವುದಿಲ್ಲ, ಊಟ ಮಾಡುವುದಿಲ್ಲ ಅಂತ ನಿನ್ನ ಅಮ್ಮ ಫೋನಿನಲ್ಲಿ ಅತ್ತಿದ್ರು."

ಒಳಗೆ ಮಾವ ಕಾಲು ಚಾಚಿ ಕೂತಿದ್ದರು. ಕೆಲಸದ ಸುದ್ದಿ ಕೇಳಿ, "ಒಳ್ಳೆದಾಯ್ತು. ನನಗೆ ಆ ಭಾಷೆ ತಲೆಗೇ ಹತ್ತಲಿಲ್ಲ ನೋಡು" ಎಂದರು.

ನಾನು ಅತ್ತೆಯ ಕೈಯಿಂದ ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಟ್ಟಲು ತೆಗೆದುಕೊಂಡು ಅವರ ಕಾಲ ಬಳಿ ಕೂತೆ.