ಕುರ್ಚಿಯ ಮೇಲಿನ ಕೈ

ಅಜ್ಜನ ಫೋಟೋಕ್ಕೆ ಕಟ್ಟು ಹಾಕಿಸಲು ನನಗೆ ಬಿದ್ದದ್ದು ನೂರಾ ಎಂಬತ್ತು ರೂಪಾಯಿ. ಅಂಗಡಿಯವನು ಹೇಳಿದ್ದು ಆರುನೂರು. ಉಳಿದದ್ದನ್ನು ಹೇಗೆ ಉಳಿಸಿದೆ ಎಂದು ಮೊದಮೊದಲು ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದೆ. ಈಗ ಯಾರಾದರೂ ಆ ಗೋಡೆಯ ಕಡೆ ನೋಡಿದರೆ, ಚಹಾ ಕುಡಿಯುತ್ತೀರಾ ಎಂದು ಕೇಳಿ ಮಾತು ಮರೆಸುತ್ತೇನೆ.

ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ. ಸೈಕಲ್ ಕ್ಯಾರಿಯರಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಹಳ್ಳಿ ಸುತ್ತಿದವನು, ಈಗ ದಾವಣಗೆರೆಯಲ್ಲಿ ಸ್ವಂತ ಅಂಗಡಿ, ಸರಸ್ವತಿ ನಗರದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದೇನೆ. ಹುಳುಕು ಹಲ್ಲು ಕೀಳಿಸಲು ಹೋದಾಗಲೂ, ಎರಡು ಕಿತ್ತರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ, ಗಟ್ಟಿಯಾಗಿದ್ದ ಇನ್ನೊಂದನ್ನೂ ಕಳೆದುಕೊಳ್ಳುವುದರಲ್ಲಿದ್ದೆ.

ಫೋಟೋ ಸಿಕ್ಕಿದ್ದು ಅಪ್ಪನ ಟ್ರಂಕಿನ ತಳದಲ್ಲಿ. ಕುರ್ಚಿಯಲ್ಲಿ ಅಜ್ಜ, ರುಮಾಲು, ಕೋಟು, ಕಾಲಲ್ಲಿ ಹೊಸ ಜೋಡು. ಪಕ್ಕದಲ್ಲಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ಒಬ್ಬ ತೆಳ್ಳನೆಯ ಮನುಷ್ಯ, ಬರಿಗಾಲು. ಅವನು ಆಳು ಎಂದು ನಾನೇ ತೀರ್ಮಾನಿಸಿದೆ. ಅಜ್ಜನಿಗೆ ಆಳಿದ್ದ ಎಂದರೆ ಮೊಮ್ಮಗನಿಗೂ ಒಂದು ತೂಕ ಬರುತ್ತದಲ್ಲ. ಮನೆಯಲ್ಲಿ ಖಾಲಿ ಬಿದ್ದಿದ್ದ ಹಳೆಯ ಕಟ್ಟೊಂದನ್ನು ಹಿಡಿದು ಪಿ.ಜೆ. ಬಡಾವಣೆಯ ಅಂಗಡಿಗೆ ಹೋದೆ. ಫೋಟೋ ನಾಲ್ಕು ಬೆರಳು ಅಗಲ ಜಾಸ್ತಿ, ಹೊಸ ಕಟ್ಟೇ ಬೇಕು ಎಂದ ಅವನು. ಆಗ ನಾನು ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ: “ಆಳಿನ ಕಡೆ ಕತ್ತರಿಸ್ರಿ. ಅವಗ್ಯಾಕ ಗಾಜು?” ಫೋಟೋದ ಹಿಂದೆ ಇಡುವ ರಟ್ಟು ಬೇಡವೆಂದು ಅದರ ದುಡ್ಡನ್ನೂ ಮುರಿಸಿಕೊಂಡೆ.

ಹರಿಹರದ ರುದ್ರೇಶ ಒಂದು ವಾಟ್ಸ್ಯಾಪ್ ಗುಂಪು ಮಾಡಿದ್ದಾನೆ. ನಮ್ಮ ಅಜ್ಜನ ತಮ್ಮನ ಮೊಮ್ಮಗ ಅವನು. ಹೊಲ ಪಾಲಾದಂದಿನಿಂದ ಎರಡು ಮನೆಗಳ ನಡುವೆ ಮದುವೆಗೆ, ಮಣ್ಣಿಗೆ ಬಂದು ಹೋಗುವಷ್ಟೇ ಬಳಕೆ. ಗುಂಪಿನಲ್ಲಿ ಹಳೇ ಫೋಟೋ ಹಾಕಿದರೆ ಹಿರಿಯರು ಗುರುತು ಹೇಳುತ್ತಾರೆ. ಒಬ್ಬರು ಮೂಗುತಿ ನೋಡಿ ಹೆಸರು ಹಿಡಿದರೆ ಇನ್ನೊಬ್ಬರು ಆ ಮೂಗುತಿ ಯಾರಿಂದ ಯಾರಿಗೆ ಹೋಯಿತೆಂದು ಎರಡು ದಿನ ಜಗಳವಾಡುತ್ತಾರೆ. ನಾನೂ ವಿಭೂತಿ, ಹಾರ ಸಮೇತ ಅಜ್ಜನನ್ನು ಹಾಕಿದೆ. ಸಾಲುಸಾಲು ಕೈಮುಗಿಯುವ ಚಿತ್ರಗಳು ಬಂದವು. ಆಮೇಲೆ ರುದ್ರೇಶ ಕೇಳಿದ: “ಭಾವ, ಕುರ್ಚಿ ಮೇಲೆ ಒಂದು ಕೈ ಐತಲ್ಲ, ಅದು ಯಾರ್ದು?” ಆಳಿನದು ಎಂದು ಜಂಬದಿಂದಲೇ ಬರೆದೆ.

ಕೊಕ್ಕನೂರಿನ ಚನ್ನಜ್ಜ ನಮ್ಮೆಲ್ಲರಿಗೂ ಹಿರಿಯರು, ಹುಡುಗರಾಗಿದ್ದಾಗ ನಮ್ಮ ಮನೆಯಲ್ಲಿ ಆ ಫೋಟೋ ನೋಡಿದ್ದವರು. ಗುಂಪಿಗೆ ಅವರ ಧ್ವನಿ ಸಂದೇಶ ಬಂತು: “ಆಳಲ್ಲಪ್ಪ ಅದು, ಮರುಳಪ್ಪನ ಕೈ. ಅಣ್ಣ ಕುಂತಾಗ ತಮ್ಮ ಕೆರ ಹೊರಗ ಬಿಟ್ಟು ನಿಲ್ತಿದ್ದ. ಈಗಿನೋರಿಗೆ ಮರ್ಯಾದಿ ಕಂಡ್ರ ಬಡತನ ಅನ್ನಿಸ್ತೈತೆ.”

ಮರುಳಪ್ಪ ಎಂದರೆ ಅಜ್ಜನ ತಮ್ಮ, ರುದ್ರೇಶನ ತಾಯಿ ಗೌರತ್ತೆಯ ತಂದೆ. ಅತ್ತೆ ಇನ್ನೂ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವರು. ರುದ್ರೇಶ ಮತ್ತೆ ಬರೆದ: “ಅವ್ವ ಇವತ್ತಿನ ತನಕ ತನ್ನಪ್ಪನ ಮುಖ ನೋಡಿಲ್ಲ. ಪೂರ್ತಿ ಫೋಟೋ ಕಳಿಸ್ರಿ ಭಾವ.”

ಮೊಬೈಲು ಕಾವಲಿಯ ಹಾಗೆ ಸುಡತೊಡಗಿತು. ರೇಂಜ್ ಇಲ್ಲ, ಆಮೇಲೆ ಕಳಿಸುತ್ತೇನೆ ಎಂದು ಊರ ನಡುವೆ ಕೂತು ಸುಳ್ಳು ಬರೆದೆ. ಕಟ್ಟನ್ನು ಬಗಲಲ್ಲಿಟ್ಟುಕೊಂಡು ಅಂಗಡಿಗೆ ಓಡಿ, ಮೂರು ವಾರದ ಹಿಂದೆ ಕತ್ತರಿಸಿದ ಚೂರು ಎಲ್ಲಿ ಎಂದು ಕೇಳಿದೆ. ಅವನು ತಣ್ಣಗೆ ಹೇಳಿದ: “ರಟ್ಟಿನ ದುಡ್ಡು ಮುರ್ಕಂಡ್ರಲ್ರಿ. ಫೋಟೋ ಅಲ್ಲಾಡ್ತಿತ್ತು, ಅದನ್ನೇ ಹಿಂದ ತುರುಕೀನಿ.” ಮೊಳೆ ಕಿತ್ತು ನೋಡಿದರೆ ಮರುಳಪ್ಪಜ್ಜ ಅಲ್ಲೇ ಇದ್ದರು, ಅಣ್ಣನ ಬೆನ್ನಿಗೆ ಮುಖ ಮಾಡಿಕೊಂಡು.

ಎರಡನ್ನೂ ಹಿಡಿದುಕೊಂಡು ಅಂದೇ ಹರಿಹರಕ್ಕೆ ಹೋದೆ. ಗೌರತ್ತೆ ಆ ಚೂರನ್ನು ಬೆಳಕಿಗೆ ಹಿಡಿದು ಅಪ್ಪನ ಕಿವಿಯ ಮೇಲೆ ಬೆರಳಿಟ್ಟರು. ಆಮೇಲೆ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಚೂರನ್ನು ತಂದು ಅಜ್ಜನ ಪಕ್ಕಕ್ಕೆ ಜೋಡಿಸಿದರು. ತೋಳು ಬಂದು ಕುರ್ಚಿಯ ಮೇಲಿನ ಕೈಗೆ ಕೂಡಿಕೊಂಡಿತು. “ಯಾಕ ಎರಡಾಗೈತೆ ಇದು?” ಎಂದರು. ನಾನು ಬಾಯಿಗೆ ಬಂದದ್ದನ್ನು ಹೇಳಿದೆ: ಗೆದ್ದಲು ತಿಂದಿತ್ತು ಅತ್ತೆ.

ಅವರು ಕತ್ತರಿಸಿದ ಅಂಚಿನ ಮೇಲೆ ಬೆರಳು ಎಳೆದರು.

“ಗೆದ್ದಲು ಇಷ್ಟು ನೆಟ್ಟಗ ತಿಂತೈತೇನಪ್ಪ?”

ರುದ್ರೇಶ ಕಿಟಕಿಯ ಕಡೆ ತಿರುಗಿದ. ನಾನು ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ. ಅತ್ತೆ ನನ್ನ ತಟ್ಟೆಗೆ ಇನ್ನೆರಡು ಮಿರ್ಚಿ ಭಜಿ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ, ನಿಮ್ಮ ಮನೆಯಲ್ಲೂ ಹಳೇ ಫೋಟೋ ಇದ್ದರೆ ನನ್ನ ಮಾತು ಕೇಳಿ. ಅದಕ್ಕೆ ಕತ್ತರಿ ತಾಗಿಸುವ ಮೊದಲು ಎರಡೂ ಬದಿಯನ್ನು ಮೊಬೈಲಿನಲ್ಲಿ ತೆಗೆದು ಗುಂಪಿಗೆ ಹಾಕಿ. ಎಲ್ಲರಿಗಿಂತ ವಯಸ್ಸಾದವರಿಗೆ ಫೋನ್ ಮಾಡಿಯೇ ಕೇಳಿ. ಸಿಕ್ಕ ಹೆಸರನ್ನು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಮಸಿ ಮುಂದಕ್ಕೆ ಇಳಿಯುತ್ತದೆ. ಕೂತವರನ್ನು ಬಿಟ್ಟು ನಿಂತವರು ಯಾರೆಂದು ಮೊದಲು ವಿಚಾರಿಸಿ. ಇಷ್ಟಾಗಿಯೂ ತಪ್ಪಾದರೆ, ಆದದ್ದನ್ನು ಆದ ಹಾಗೆ ಒಪ್ಪಿಕೊಳ್ಳಿ. ಗೆದ್ದಲಿನ ಮೇಲೆ ಮಾತ್ರ ಹಾಕಬೇಡಿ. ಜೀವಮಾನವೆಲ್ಲ ಕಾಳು ಕಡಿ ಕಾದುಕೊಂಡು ಬಂದ ಹೆಂಗಸರಿಗೆ ಗೆದ್ದಲು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಜ್ಜನ ಹೆಸರಲ್ಲಿ ಮೆರೆಯುವ ನನ್ನಂಥ ಮೊಮ್ಮಕ್ಕಳೂ ಗೊತ್ತಿರುತ್ತಾರೆ.