ಬೆಂಚು ಕೊಯ್ದವರು ಯಾರು?

ನಮ್ಮ ದೊಡ್ಡಪ್ಪನ ಕಣ್ಣಿಗೆ ಬಿದ್ದ ಮೇಲೆ ನೀವು ಸಾಚಾ ಮನುಷ್ಯರಾಗಿ ಉಳಿಯುವ ಹಾಗೇ ಇರಲಿಲ್ಲ! ನಮಸ್ಕಾರ ಹಾಕಿದರೆ ಏನೋ ಕೇಳಲು ಬಂದಿದ್ದೀರಿ, ಹಾಕದಿದ್ದರೆ ಏನೋ ಮಾಡಿ ಬಂದಿದ್ದೀರಿ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮಾಡಿ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವರಿಗೆ ಅಭ್ಯಾಸ. ಮನುಷ್ಯರನ್ನು ಹಾಗೆ ಅಲ್ಲಾಡಿಸಿ ನೋಡಲು ಆಗುವುದಿಲ್ಲವಲ್ಲ ಎಂಬುದೊಂದೇ ಕೊರಗು. ನಮ್ಮಮ್ಮ ಕಾಫಿ ಕೊಟ್ಟರೆ ಮೊದಲ ಗುಟುಕು ನಾನು ಕುಡಿಯಬೇಕು. ನಾನು ಬದುಕಿದ್ದೇನೆಂದು ಖಾತ್ರಿಯಾಗುವಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಅದು ಯಾಕೆ ಆರಿತು ಎಂದು ಇನ್ನೊಂದು ಅನುಮಾನ!

ಈ ಅನುಮಾನ ಭಾನುವಾರ ಚರ್ಚಿಗೂ ಬರುತ್ತಿತ್ತು. ದೊಡ್ಡಪ್ಪನ ಮಗಳು ರೂತಕ್ಕನಿಗೆ ಪೋಲಿಯೋ ಆಗಿ ನಡೆಯಲು ಬರುತ್ತಿರಲಿಲ್ಲ. ಸೈಕಲ್ ಚಕ್ರ ಹಾಕಿಸಿದ ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬರುತ್ತಿದ್ದರು. ಹಿಂದೊಮ್ಮೆ ಯಾರೋ, ಬೆಂಚುಗಳ ನಡುವಿನ ದಾರಿಯಲ್ಲಿ ಗಾಡಿ ನಿಲ್ಲಿಸಿದ್ದಾರೆ ಎಂದು ಗೊಣಗಿದರಂತೆ. ಅಂದಿನಿಂದ ಗಾಡಿ ಹೊರಗೆ ಜಗಲಿಯಲ್ಲೇ. ರೂತಕ್ಕನಿಗೋ ಒಳಗೆ ಎಲ್ಲರ ಜೊತೆ ಕೂತು ಹಾಡುವ ಆಸೆ. ಕೇಳಿದರೆ ದೊಡ್ಡಪ್ಪ, ಒಳಗೆ ಸೆಕೆ ಎನ್ನುತ್ತಿದ್ದರು. ಮಳೆಗಾಲದಲ್ಲೂ ಸೆಕೆಯೇ?

ಯಾರಾದರೂ ಅವಳಿಗೆ ಸೀಬೆಹಣ್ಣು ಕೊಟ್ಟರೆ, ದೊಡ್ಡಪ್ಪ ಹಣ್ಣನ್ನು ಬಿಟ್ಟು ಕೊಟ್ಟವರನ್ನೇ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಿದ್ದರು. ಹೊಸದಾಗಿ ಬಂದ ಪಾದ್ರಿಗಳು, ಮಗಳನ್ನು ಒಳಗೆ ಕರೆತನ್ನಿ ಎಂದರು. ದೊಡ್ಡಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಇವತ್ತು ಬನ್ನಿ ಅಂತಾರೆ, ನಾಳೆ ಜರುಗ್ಸಿ ಅಂತಾರೆ. ನಂಗೊತ್ತಿಲ್ವೇನ್ಲಾ?”

ಒಂದು ಭಾನುವಾರ ಹೋಗಿ ನೋಡಿದರೆ ಮುಂದಿನ ಬೆಂಚಿನ ಒಂದು ತುದಿಯೇ ಇಲ್ಲ! ಯಾರೋ ಕೊಯ್ದು, ಬೆಂಚಿನ ಕಾಲನ್ನು ಈಚೆಗೆ ಸರಿಸಿ ಮೊಳೆ ಹೊಡೆದಿದ್ದಾರೆ. ದೊಡ್ಡಪ್ಪ ಕಳ್ಳತನ ಎಂದು ತೀರ್ಪು ಕೊಟ್ಟೇಬಿಟ್ಟರು. ಇಷ್ಟು ವರ್ಷ ಅನುಮಾನಪಟ್ಟದ್ದಕ್ಕೆ ಕೊನೆಗೂ ಒಂದು ಅಪರಾಧ ಸಿಕ್ಕಿತಲ್ಲ, ಮುಖಕ್ಕೆ ಕಳೆ ಬಂದಿತ್ತು. ಮೊದಲು ನನ್ನ ಅಂಗೈ ಮೂಸಿದರು. ಹಾಡು ಹೇಳಿಕೊಡುವ ಮೇಷ್ಟ್ರ ಜೇಬು ಇಣುಕಿದರು. ಬೆಂಚನ್ನು ಯಾರಾದರೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆಯೇ? ಕೊನೆಗೆ ಮರದ ಹೊಟ್ಟು ಸಿಕ್ಕಿದ್ದು ಪಾದ್ರಿಗಳ ಬೆಲ್‌ಬಾಟಮ್ ಪ್ಯಾಂಟಿನ ಅಂಚಿನಲ್ಲಿ!

“ನಾನೇ ಕೊಯ್ದಿದ್ದು ಕಣ್ರೀ,” ಎಂದರು ಪಾದ್ರಿಗಳು. “ಗಾಡಿ ಅಲ್ಲಿ ಸರಿಯಾಗಿ ನಿಲ್ಲುತ್ತೆ. ದಾರಿಗೂ ಅಡ್ಡ ಬರಲ್ಲ.”

ದೊಡ್ಡಪ್ಪ ಕಣ್ಣು ಕಿರಿದು ಮಾಡಿ, ಯಾಕೆ ಎಂದು ಕೇಳಿದರು. ಬಾಗಿಲಲ್ಲಿದ್ದ ರೂತಕ್ಕನಿಗೆ ತಾಳ್ಮೆ ಮುಗಿದಿತ್ತು.

“ಅಪ್ಪಾ, ಪತ್ತೇದಾರಿ ಆಮೇಲೆ ಮಾಡೀಯಂತೆ. ಈಗ ತಳ್ಳು.”

ತಳ್ಳಿದರು. ಗಾಡಿ ಬೆಂಚಿನ ಪಕ್ಕ ಹೋಗಿ ನಿಂತಿತು. ಅವತ್ತು ರೂತಕ್ಕ ಹಾಡಿದ್ದು ಸಂತೆಬೀದಿಗೂ ಕೇಳಿಸಿರಬೇಕು. ದೊಡ್ಡಪ್ಪ ಮಾತ್ರ ಆರಾಧನೆ ಮುಗಿಯುವವರೆಗೂ ಹಿಂದೆ ತಿರುಗಿ ತಿರುಗಿ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಯಾರೂ ಜರುಗಿಸಿ ಎನ್ನಲಿಲ್ಲ.

ಎಲ್ಲರೂ ಹೊರಟ ಮೇಲೆ ದೊಡ್ಡಪ್ಪ ಪಾದ್ರಿಗಳ ಹತ್ತಿರ ಹೋಗಿ, ಕೊಯ್ದ ತುಂಡು ಎಲ್ಲಿ ಎಂದು ಕೇಳಿದರು. ಸೌದೆಗೆ ಕೇಳುತ್ತಿದ್ದಾರೆಂದು ನನಗೆ ನಾಚಿಕೆಯಾಯಿತು. ಪಾದ್ರಿಗಳು ಒಳಗಿನಿಂದ ತಂದು ಕೊಟ್ಟರು. ದೊಡ್ಡಪ್ಪ ಅದನ್ನು ಎದೆಗೆ ಅವಚಿಕೊಂಡರು.

“ಇದು ನಮ್ಮನೇಲೇ ಇರ್ಲಿ ಸ್ವಾಮಿ. ನೀವು ಒಳ್ಳೇರು, ಆದ್ರೆ ನಿಮಗೂ ವರ್ಗ ಆಯ್ತದೆ. ಮುಂದೆ ಬರೋರು ಇದ್ನ ಮತ್ತೆ ಜೋಡಿಸ್ಬುಟ್ರೆ, ನನ್ ಮಗಳು ಎಲ್ಲಿ ಕೂತ್ಕಬೇಕು?”